ಯಂತ್ರಕ್ಕಿಲ್ಲದ ಉಸಿರು

ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಗಾಜಿನ ಲೋಟ. ಅದರ ತುಂಬ ನೀರು.

ಮಧ್ಯಾಹ್ನದ ಬೆಳಕು ಮೋಡಗಳ ನಡುವಿನಿಂದ ಸೋಸಿ ಬಂದು, ಲೋಟದ ಅಂಚಿನಲ್ಲಿ ಕ್ಷಣಹೊತ್ತು ಕುಳಿತು, ಮೆಲ್ಲಗೆ ಒಳಗಿಳಿದಿತ್ತು. ನೀರು ಅಲುಗುತ್ತಿರಲಿಲ್ಲ. ಲೋಟದ ನೆರಳು ಮೇಜಿನ ಮೇಲೆ ಉದ್ದಕ್ಕೆ ಮಲಗಿತ್ತು. ಆ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆಯೊಂದು, ಯಾರೋ ಎದ್ದುಹೋಗುವಾಗ ಮರೆತುಬಿಟ್ಟಂತೆ, ಒಂಟಿಯಾಗಿ ಉಳಿದಿತ್ತು. ಹೊರಗಿನ ಬೀದಿ ಲೋಟದೊಳಗೆ ತಲೆಕೆಳಗಾಗಿ ತೂಗುತ್ತಿತ್ತು: ಹೊಲಿಗೆ ಅಂಗಡಿಯ ಫಲಕ, ಒಣಹಾಕಿದ ನೀಲಿ ಹೊದಿಕೆ, ಗೋಡೆಗೊರಗಿದ ಸೈಕಲ್ಲಿನ ಚಕ್ರ. ಇಡೀ ಬೀದಿಯೇ ನೀರಿನಲ್ಲಿಳಿದು ನಿದ್ದೆಹೋದಂತೆ, ಆ ನಿದ್ದೆಯನ್ನು ಕಲಕಲು ಯಾರಿಗೂ ಮನಸ್ಸು ಬಾರದಂತೆ.

ಪತ್ತೇದಾರ ಆ ಲೋಟವನ್ನೇ ನೋಡುತ್ತ ಕುಳಿತಿದ್ದ. ಬಂದವರಿಗೆಂದು ಅತ್ತಿಗೆ ಇಟ್ಟುಹೋದ ನೀರು ಅದು. ಅವನೂ ಮುಟ್ಟಿರಲಿಲ್ಲ, ಪಕ್ಕದಲ್ಲಿ ಕುಳಿತ ಹುಡುಗಿಯೂ ಮುಟ್ಟಿರಲಿಲ್ಲ.

ಹುಡುಗಿ ಕುರ್ಚಿಯ ಅಂಚಿನಲ್ಲಿದ್ದಳು, ಕರೆ ಬಂದರೆ ಎದ್ದು ಓಡುವವಳ ಹಾಗೆ. ಮಡಿಲಲ್ಲಿ ಕೈಚೀಲ. ಚೀಲದ ಬಾಯಿಂದ ಇಣುಕುವ ಒಂದು ಸ್ಟೀಲಿನ ಬಾಟಲಿ.

ನೀರು ಮಂಡಳಿಯಲ್ಲಿ ಅವಳನ್ನು ಎಲ್ಲರೂ ‘ಹೂಂ’ ಎಂದೇ ಕರೆಯುತ್ತಿದ್ದರು. ಅವಳ ಕೆಲಸವೇ ಅದು. ಜನರಿಗೆ ಮಂಡಳಿ ಹೇಳುವ ಪ್ರತಿಯೊಂದು ಮಾತನ್ನೂ ಈಗ ಯಂತ್ರ ಬರೆಯುತ್ತಿತ್ತು. ದೂರಿಗೆ ಉತ್ತರ, ವಿಳಂಬಕ್ಕೆ ವಿಷಾದ, ಹೊಸ ದರದ ಸಿಹಿಮಾತು, ಎಲ್ಲವನ್ನೂ. ಬರೆದದ್ದು ಮೊದಲು ಅವಳ ಪರದೆಗೆ ಬರಬೇಕು. ಅವಳು ಹೂಂ ಎಂದು ಗುಂಡಿ ಒತ್ತಬೇಕು. ಆಮೇಲೆ ಯಂತ್ರವೇ ಊರಿನ ಫೋನುಗಳಲ್ಲಿ ನುಡಿಯಬೇಕು. ಮೊದಮೊದಲು ಓದಿ ಒತ್ತುತ್ತಿದ್ದಳು. ಸಂದೇಶಗಳು ಇರುವೆ ಸಾಲಿನಂತೆ ಬರತೊಡಗಿದ ಮೇಲೆ ಒತ್ತುವುದಷ್ಟೇ ಉಳಿಯಿತು.

ಹೋದ ವಾರದ ಆ ಬೆಳಿಗ್ಗೆ ಕೆಳಪೇಟೆಯ ಫೋನುಗಳೆಲ್ಲ ಒಟ್ಟಿಗೇ ಮೊಳಗಿ ‘ಇಂದು ನಲ್ಲಿಯ ನೀರನ್ನು ಕುಡಿಯಬೇಡಿ’ ಎಂದಿದ್ದವು. ಕೆರೆಯ ಮೆಟ್ಟಿಲ ಬಳಿಯ ನೂಕುನುಗ್ಗಲಿನಲ್ಲಿ ಒಬ್ಬ ಮುದುಕ ಬಿದ್ದು ಸೊಂಟ ಮುರಿದುಕೊಂಡಿದ್ದ. ನೀರು ಚೆನ್ನಾಗಿಯೇ ಇತ್ತು, ಯಂತ್ರ ಇಲ್ಲದ್ದನ್ನು ಕನಸಿತು, ಈ ಹುಡುಗಿ ಕಣ್ಣುಮುಚ್ಚಿ ಹೂಂ ಅಂದಳು ಎಂದು ಮಂಡಳಿ ಸಾರಿತ್ತು.

ನಾಳೆ ಬೆಳಿಗ್ಗೆ ವಿಚಾರಣೆ. ತಪ್ಪು ಅವಳದೆಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಮುದುಕನ ಸೊಂಟದ ಮೊಕದ್ದಮೆಯೂ ಅವಳ ಕೊರಳಿಗೇ.

“ನಾನು ಒತ್ತಲೇ ಇಲ್ಲ ಸರ್,” ಎಂದು ಅವಳು, ಕೆಲಸ ಒಪ್ಪಿಸಲು ಬಂದ ಮೊದಲ ದಿನ, ಪತ್ತೇದಾರನ ಮುಂದೆ ಅತ್ತಿದ್ದಳು. ಅಂದಿನಿಂದ ಇಂದಿನವರೆಗೆ ಅದೊಂದೇ ಮಾತು. ಒತ್ತಲೇ ಇಲ್ಲ.

ಅಡುಗೆಮನೆಯಿಂದ ದನಿ ಬಂತು.

“ಸಕ್ಕರೆ ಎಷ್ಟು ಹಾಕ್ಲಿ ಮಗು?”

ಹುಡುಗಿ ಬೆಚ್ಚಿ ನೆಟ್ಟಗೆ ಕುಳಿತಳು. ಊರಿನಲ್ಲಿ ಆ ದನಿ ಗೊತ್ತಿಲ್ಲದವರೇ ಇರಲಿಲ್ಲ. ಮೂವತ್ತು ವರ್ಷ ನೀರು ಬರುವ ಹೊತ್ತನ್ನು, ಬಾರದ ಹೊತ್ತನ್ನು ಹೇಳಿದ ದನಿ. ಮಕ್ಕಳು ಅದನ್ನು ಕೇಳಿ ಬಕೆಟ್ಟು ಹಿಡಿದು ಓಡಿದ್ದರು. ಆ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಓಡಿಸಿದ್ದರು. ಅತ್ತಿಗೆ ನಿವೃತ್ತಳಾದಾಗ ದನಿ ಮಾತ್ರ ನಿವೃತ್ತವಾಗಲಿಲ್ಲ. ಅದನ್ನು ಯಂತ್ರಕ್ಕೆ ತೊಡಿಸಿದರು.

“ನನಗೆ ಟೀ ಬೇಡಮ್ಮ. ಗಂಟಲು ನೋವು. ಮನೆಯಿಂದ ನೀರು ತಂದಿದ್ದೀನಿ,” ಎಂದು ಹುಡುಗಿ ಸಣ್ಣಗೆ ಕೂಗಿದಳು.

ಪತ್ತೇದಾರ ಲೋಟದಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿಯಲ್ಲಿ ಬೆಳಿಗ್ಗೆ ಕೇಳಿದ ಒಂದು ಸದ್ದು ಇನ್ನೂ ಸುಳಿಯುತ್ತಿತ್ತು.

*

ಅದನ್ನು ಕೇಳಿಸಿದವನು ‘ಕತ್ತರಿ’. ಮೆಟ್ಟಿಲಡಿಯ ಪುಟ್ಟ ಕೋಣೆಯಲ್ಲಿ, ಗೋಡೆಗೆಲ್ಲ ಹಳೆಯ ಕಂಬಳಿ ಬಡಿದುಕೊಂಡು, ಜೀವಮಾನವೆಲ್ಲ ಧ್ವನಿಗಳನ್ನು ಕತ್ತರಿಸಿ ಜೋಡಿಸಿದ ತಂತ್ರಜ್ಞ. ಮಂಡಳಿಯ ಯಂತ್ರಕ್ಕೆ ಅತ್ತಿಗೆಯ ಧ್ವನಿಯನ್ನು ಹದಮಾಡಿ ಕೊಟ್ಟವನೂ ಅವನೇ. ಆ ಕೋಣೆಯಲ್ಲಿ ಪಿಸುಮಾತು ಕೂಡ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತಿತ್ತು.

“ಇದು ಯಂತ್ರದ್ದಲ್ಲ ಸ್ವಾಮಿ,” ಎಂದಿದ್ದ ಕತ್ತರಿ, ಎಚ್ಚರಿಕೆಯ ಧ್ವನಿಮುದ್ರಣವನ್ನು ಒಮ್ಮೆ ಕೇಳಿದ್ದೇ ತಡ.

“ಒಂದೇ ಸಲಕ್ಕೆ ಹೇಗೆ ಹೇಳ್ತೀರಿ?”

“ಹೆತ್ತೋರಿಗೆ ಮಗು ಗುರುತು ಸಿಗಲ್ವಾ? ವರ್ಷಗಟ್ಟಲೆಯ ಧ್ವನಿಮುದ್ರಣ ತಂದು ನನ್ನ ಮುಂದೆ ಸುರಿದ್ರು. ಗದ್ದಲ ಎಲ್ಲ ತೆಗೆದು ಕೊಡು ಅಂದ್ರು. ಫ್ಯಾನಿನ ಸದ್ದು ತೆಗೆದೆ. ಕುರ್ಚಿ ಕಿರುಗುಟ್ಟಿದ್ದು ತೆಗೆದೆ. ಆಮೇಲೆ ಉಸಿರು ತೆಗೆದೆ.”

“ಉಸಿರು ಗದ್ದಲವಾ?”

“ಯಂತ್ರ ಮಾಡಿದ ಕಂಪನಿಯವರಿಗೆ ಗದ್ದಲವೇ. ಒಂದೊಂದಾಗಿ ಕಿತ್ತು ಹಾಕಿದೆ ನೋಡಿ, ಕೋಳಿ ಪುಕ್ಕ ಕಿತ್ತ ಹಾಗೆ. ಆ ಯಂತ್ರಕ್ಕೆ ಉಸಿರಾಡೋದು ಅಂತ ಒಂದಿದೆ ಅಂತಾನೇ ಗೊತ್ತಿಲ್ಲ. ಈಗ ಕೇಳಿ.”

ಗುಂಡಿ ಒತ್ತಿದ್ದ. ‘ಇಂದು’ ಎಂಬ ಪದಕ್ಕೆ ಮೊದಲು, ಮೌನವೆಂದು ಎಲ್ಲರೂ ದಾಟಿಬಿಟ್ಟ ಜಾಗದಲ್ಲಿ, ಒಂದು ದೀರ್ಘವಾದ ಉಸಿರು ಒಳಗೆ ಹೋಯಿತು. ಆಳದ ಬಾವಿಗೆ ಕೊಡ ಇಳಿಬಿಟ್ಟಂತೆ.

ಪತ್ತೇದಾರ ಕಣ್ಣು ಮುಚ್ಚಿಕೊಂಡಿದ್ದ. ಅವನಿಗೆ ಆ ಉಸಿರು ಗೊತ್ತಿತ್ತು. ಒಳ್ಳೆಯ ಸುದ್ದಿಯಾದರೆ ಅತ್ತಿಗೆ ಥಟ್ಟನೆ ಹೇಳಿಬಿಡುತ್ತಿದ್ದಳು. ಕೆಟ್ಟದ್ದಾದರೆ ಮೊದಲು ಹೀಗೆ ಉಸಿರು ಎಳೆದುಕೊಳ್ಳುತ್ತಿದ್ದಳು. ಕೇಳುವವರಿಗೆ ಏನನ್ನಾದರೂ ಹಿಡಿದುಕೊಳ್ಳಲು ಸಮಯ ಕೊಡಬೇಕು ಎನ್ನುವುದು ಆಕೆಯ ಪದ್ಧತಿ. ಅಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಫೋನಿನಲ್ಲಿ ಅವನಿಗೆ ಮೊದಲು ಕೇಳಿಸಿದ್ದು ಆ ಉಸಿರೇ. ಮಾತು ಬರುವಷ್ಟರಲ್ಲಿ ಅವನು ಗೋಡೆಗೆ ಒರಗಿ ನಿಂತಾಗಿತ್ತು.

“ಯಂತ್ರದಿಂದ ಹೊಸ ಮಾತು ಆಡಿಸೋದು ಯಾರ ಕೈಲಾಗತ್ತೆ?” ಎಂದು ಹೊರಡುವ ಮುಂಚೆ ಕೇಳಿದ್ದ.

“ಗುಟ್ಟಿನ ಪದ ಬೇಕು. ಗೊತ್ತಿರೋದು ಇಬ್ಬರಿಗೇ. ನಿರ್ದೇಶಕರಿಗೆ, ನಿಮ್ಮ ಹೂಂ ಹುಡುಗಿಗೆ. ನನಗೂ ಕೊಟ್ಟಿಲ್ಲ ನೋಡಿ, ಬಾಣಂತನ ಮಾಡಿದೋನಿಗೆ!” ಎಂದು ನಕ್ಕಿದ್ದ ಕತ್ತರಿ.

ಹಾಗೆ ಪತ್ತೇದಾರನ ಕೈಗೆ ಸತ್ಯದ ಒಂದು ತುದಿ ಸಿಕ್ಕಿತ್ತು. ಎಳೆದರೆ ಹುಡುಗಿ ಉಳಿಯುತ್ತಾಳೆ. ಎಳೆದರೆ ಅತ್ತಿಗೆ ಬೀಳುತ್ತಾಳೆ.

*

ಟೀ ಬಂತು. ಅತ್ತಿಗೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಡಿಗೆಯಲ್ಲಿ ಮೊಣಕಾಲಿನ ಹಿಂಜರಿಕೆ. ದನಿಯೊಂದೇ ಇನ್ನೂ ಹಳೆಯ ಮನೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಕುಳಿತಿತ್ತು.

“ಏನು ಪತ್ತೇದಾರಪ್ಪ, ತಿಂಗಳಾನುಗಟ್ಟಲೆ ಮುಖ ಹಾಕದವನು ಇವತ್ತು ಹಗಲುಹೊತ್ತಲ್ಲೇ ಬಂದಿದ್ದೀಯ? ಯಾರದಾದ್ರೂ ಕೊಲೆ ಆಯ್ತಾ, ಅತ್ತಿಗೆ ನೆನಪಾದ್ಲಾ?”

“ಎರಡೂ ಅಲ್ಲ ಅತ್ತಿಗೆ.”

“ಹಾಗಾದ್ರೆ ಟೀ ಕುಡಿ. ನಿಮ್ಮಣ್ಣನೂ ಹೀಗೇ. ಹೇಳೋದು ಇದ್ದಾಗ ಲೋಟ ತಿರುಗಿಸ್ತಾ ಕೂರೋರು.”

ಅವನು ಟೀ ಕುಡಿದ. ಕುಡಿದು ಮುಗಿಸಿ, ಕಪ್ಪು ಕೆಳಗಿಟ್ಟು, ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. ನೀರಿನ ಲೋಟದ ಪಕ್ಕದಲ್ಲಿ.

“ಒಂದು ಕೇಳಿಸ್ತೀನಿ. ಹೇಗಿದೆ ಹೇಳಿ.”

ಉಸಿರು. ಆಮೇಲೆ ಮಾತು: ‘ಇಂದು ನಲ್ಲಿಯ ನೀರನ್ನು ಕುಡಿಯಬೇಡಿ. ಮಕ್ಕಳಿಗೆ ಕೊಡಬೇಡಿ. ಮುಂದಿನ ಮಾತಿಗಾಗಿ ಕಾಯಿರಿ.’

ಅತ್ತಿಗೆ ಕಣ್ಣು ಮುಚ್ಚಿ ಕೇಳಿದಳು, ಪಕ್ಕದ ಮನೆಯ ಹುಡುಗಿಯ ಹಾಡನ್ನು ಕೇಳುವಂತೆ.

“ಚೆನ್ನಾಗಿದೆ. ಗಂಟಲು ಮಾತ್ರ ಸ್ವಲ್ಪ ಕಟ್ಟಿದೆ.”

“ಯಂತ್ರಕ್ಕೆ ಶೀತ ಆಗಲ್ಲ ಅತ್ತಿಗೆ.”

ಹೊರಗೆ ಹೊಲಿಗೆ ಯಂತ್ರ ಒಂದು ಉದ್ದ ಹೊಲಿಗೆ ಮುಗಿಸಿ ನಿಂತಿತು. ಹುಡುಗಿ ಒಮ್ಮೆ ಅವನನ್ನೂ ಒಮ್ಮೆ ಆಕೆಯನ್ನೂ ನೋಡಿದಳು. ಅವಳ ಕೈ ಚೀಲದ ಮೇಲೆ ಬಿಗಿಯಾಯಿತು.

“ಅದಕ್ಕೆ ಉಸಿರೂ ಇಲ್ಲ. ಇದಕ್ಕೆ ಇದೆ,” ಎಂದ ಪತ್ತೇದಾರ.

ಅತ್ತಿಗೆ ಕಣ್ಣು ತೆರೆದಳು. ಆ ಕಣ್ಣುಗಳಲ್ಲಿ ಅವನು ನಿರೀಕ್ಷಿಸಿದ್ದ ಭಯವಿರಲಿಲ್ಲ. ಕಳ್ಳಾಟದಲ್ಲಿ ಸಿಕ್ಕಿಬಿದ್ದವಳ ತುಂಟತನವಿತ್ತು.

“ನಾನೇ ಕಣಪ್ಪ ಹೇಳಿದ್ದು. ಇಷ್ಟಕ್ಕೆ ಊರು ಸುತ್ತಿ ಬರಬೇಕಾಗಿತ್ತಾ? ಬಾಗಿಲು ತಟ್ಟಿ ಕೇಳಿದ್ರೆ ಆಗ್ತಿರಲಿಲ್ವಾ?”

“ಅತ್ತಿಗೆ! ಇದರಲ್ಲಿ ತಮಾಷೆ ಇಲ್ಲ. ಮಂಡಳಿಯ ಧ್ವನಿ ಕದ್ದು ಜನರನ್ನ ದಾರಿ ತಪ್ಪಿಸಿದ ಆರೋಪ ಬರತ್ತೆ.”

“ಕದ್ದು? ನನ್ನ ಗಂಟಲಿಂದ ನಾನು ಕದ್ನಾ?”

“ನಿವೃತ್ತಿ ದಿನ ಕೇಕು ಕತ್ತರಿಸಿ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸ್ಕೊಂಡ್ರಲ್ಲ. ಆವಾಗಿನಿಂದ ಅದು ಅವರದ್ದು.”

“ಕೇಕು ಚೆನ್ನಾಗಿತ್ತು,” ಎಂದಳು ಅತ್ತಿಗೆ. ನಕ್ಕಳು. ನಗುವಿನ ಕೊನೆ ಮಾತ್ರ ಎಲ್ಲೋ ಜಾರಿಹೋಯಿತು. “ನೀನು ಬೀದಿಗೆ ಹೋಗಿ ನನ್ನ ಪಾಡು ಕೇಳು. ತರಕಾರಿಯವಳು ತಕ್ಕಡಿ ಎತ್ತಿ ಬೈತಾಳೆ. ‘ಏನಮ್ಮಾ, ನಿನ್ನೆ ಫೋನಲ್ಲಿ ಸಾಯಂಕಾಲ ನೀರು ಬಿಡ್ತೀವಿ ಅಂದೆ, ಕಾದು ಕಾದು ನಾನೇ ಒಣಗಿದೆ.’ ನಾನಲ್ಲ ತಾಯಿ, ಅದು ಯಂತ್ರ ಅಂದ್ರೆ, ‘ನಿನ್ನ ಬಾಯಿ ನನಗೆ ಗೊತ್ತಿಲ್ವಾ?’ ಅಂತಾಳೆ. ನನ್ನ ಬಾಯಲ್ಲಿ ದಿನಾ ಯಾರೋ ಮಾತಾಡ್ತಾರೆ. ಒಬ್ಬರ ಮನೆಗೆ ವಾರದಿಂದ ನೀರಿಲ್ಲ. ‘ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ’ ಅಂತ ನಾನು ಹೇಳ್ತೀನಿ. ನಾನು!”

ಹುಡುಗಿ ತಲೆ ತಗ್ಗಿಸಿದ್ದಳು. ಅಂಥ ಧನ್ಯವಾದಗಳಿಗೆಲ್ಲ ಹೂಂ ಎಂದವಳು ಅವಳೇ.

“ಒಂದೊಂದು ಸಲ ನಾನೇ ಆ ನಂಬರಿಗೆ ಫೋನ್ ಮಾಡ್ತೀನಿ,” ಎಂದಳು ಅತ್ತಿಗೆ, ದನಿ ತಗ್ಗಿಸಿ. “ದೂರು ಕೊಡೋಕಲ್ಲ. ಕೇಳೋಕೆ. ಅವಳಿಗೆ ವಯಸ್ಸೇ ಆಗಲ್ಲ ಕಣೋ. ನಿಮ್ಮಣ್ಣ ಇದ್ದಾಗಿನ ನನ್ನ ದನಿ ಅದು.”

ಪತ್ತೇದಾರನಿಗೆ ಒಂದು ಕ್ಷಣ, ಮಂಡಳಿಯ ಕಟ್ಟಡದ ಯಾವುದೋ ಬೆಳಕಿಲ್ಲದ ಕೋಣೆಯಲ್ಲಿ ಹರೆಯದ ಅತ್ತಿಗೆಯೊಬ್ಬಳು, ಉಸಿರಾಡದೆ, ಕಣ್ಣು ಮಿಟುಕಿಸದೆ, ಮಾತಾಡುತ್ತಲೇ ಕುಳಿತಿರುವಂತೆ ಕಂಡಿತು. ಅವನು ತಲೆ ಕೊಡವಿಕೊಂಡ.

“ಮನೆಮನೆಯ ಫೋನಿಗೆ ಹೇಗೆ ಹೋಯ್ತು ನಿಮ್ಮ ಮಾತು? ಅದನ್ನ ಹೇಳಿ.”

“ತುರ್ತು ದಾರಿಯಿಂದ. ಕೊಳವೆ ಒಡೆದಾಗ, ನೆರೆ ಬಂದಾಗ ಕಚೇರಿಗೆ ಓಡೋಕಾಗಲ್ಲ ಅಂತ ನನಗೇ ಒಂದು ನಂಬರು ಮಾಡಿಕೊಟ್ಟಿದ್ರು. ಎಲ್ಲಿಂದ ಬೇಕಾದ್ರೂ ಅದಕ್ಕೆ ಫೋನ್ ಮಾಡಿ ಮಾತಾಡಿದ್ರೆ ಸಾಕು, ನೇರ ಎಲ್ಲರ ಮನೆಗೂ. ಬೇರೆ ಯಾರ ದನಿಗೂ ಅದು ತೆರೆಯಲ್ಲ.”

“ಅದನ್ನ ಮುಚ್ಚಲಿಲ್ವಾ ಅವರು?”

“ಹೇಗೆ ಮುಚ್ತಾರೆ? ಆ ದಾರೀಲೇ ಅಲ್ವಾ ಈಗ ಯಂತ್ರ ಓಡಾಡೋದು! ನನ್ನನ್ನ ಹೊರಗೆ ಹಾಕಿದ್ರು, ನನ್ನ ದನಿಗೆ ಬಾಗಿಲು ತೆರೆದೇ ಇಟ್ರು. ನಾನು ಹೋಗಿ ತಟ್ಟಿದೆ. ತೆರೀತು.”

ಎಂಥ ಬುದ್ಧಿವಂತರ ಎಂಥ ಮರೆವು, ಎಂದುಕೊಂಡ ಪತ್ತೇದಾರ. ಬೀಗ ಹಾಕಿ ಕೀಲಿಯನ್ನು ಬೀಗದಲ್ಲೇ ಬಿಟ್ಟುಹೋದವರು. ಹುಡುಗಿ ಗುಂಡಿ ಒತ್ತದೆಯೂ ಆ ಸಂದೇಶ ಹೊರಟದ್ದು ಈಗ ಸರಿಹೊಂದಿತು. ತುರ್ತು ದಾರಿಗೆ ಹೂಂ ಬೇಕಿರಲಿಲ್ಲ.

“ಸರಿ. ಮುಖ್ಯವಾದದ್ದು ಈಗ. ನೀರು ಕೆಟ್ಟಿದೆ ಅಂತ ನಿಮಗೆ ಹೇಳಿದ್ದು ಯಾರು?”

ಅತ್ತಿಗೆ ಕಿಟಕಿಯ ಕಡೆ ತಿರುಗಿದಳು.

“ನಂಬಲ್ಲ ನೀನು.”

“ಹೇಳಿ ನೋಡಿ.”

“ಬೆಳಿಗ್ಗೆ ಎದ್ದು ಇನ್ನೂ ಮುಖ ತೊಳೆದಿರಲಿಲ್ಲ. ಫೋನ್ ಬಂತು. ‘ಇಂದು ನಲ್ಲಿಯ ನೀರನ್ನು ಕುಡಿಯಬೇಡಿ’ ಅಂದ್ರು. ಯಾರು ನೀವು ಅಂದೆ. ಮತ್ತೆ ಅದೇ ಮಾತು. ಆಮೇಲೆ ಕಿಟಕಿಯಿಂದ ನೋಡಿದ್ರೆ ಎದುರುಮನೆಯವಳು ಮಗುವಿಗೆ ನೀರು ಕುಡಿಸ್ತಾ ನಿಂತಿದ್ದಾಳೆ. ಅವಳಿಗೆ ಯಾಕೆ ಫೋನ್ ಬಂದಿಲ್ಲ? ಬೀದೀಲಿ ಯಾರಿಗೂ ಬಂದಿಲ್ಲ! ನನಗೊಬ್ಬಳಿಗೇ ಹೇಳಿ ಸುಮ್ಮನಾಗಿದ್ದಾರೆ. ನಾನು ಯಾವತ್ತಾದ್ರೂ ಕೇಳಿದ ಸುದ್ದೀನ ಹೊಟ್ಟೇಲಿ ಇಟ್ಟುಕೊಂಡಿದ್ದೀನಾ? ಹೇಳಿಬಿಟ್ಟೆ.”

“ಗುರುತು ಪರಿಚಯ ಇಲ್ಲದವರ ಮಾತು ಕೇಳಿ...”

“ಗುರುತು ಇರೋರೇ.”

“ಯಾರು?”

ಆಗ ಅತ್ತಿಗೆ ಉಸಿರು ಎಳೆದುಕೊಂಡಳು. ಮೆಲ್ಲಗೆ, ಆಳವಾಗಿ. ಪತ್ತೇದಾರನ ಕೈ ಅವನಿಗೆ ತಿಳಿಯದೆಯೇ ಕುರ್ಚಿಯ ತೋಳನ್ನು ಹಿಡಿಯಿತು.

“ನಾನು,” ಎಂದಳು. “ಫೋನಲ್ಲಿ ಮಾತಾಡಿದ್ದು ನಾನೇ.”

*

ಅವನು ಏನನ್ನಾದರೂ ಹೇಳುವ ಮೊದಲು ಗೋಡೆಯ ಫೋನು ಮೊಳಗಿತು.

ಎದುರುಮನೆಯದೂ ಮೊಳಗಿತು. ಹೊಲಿಗೆ ಅಂಗಡಿಯದೂ. ಬೀದಿಯ ಉದ್ದಕ್ಕೂ, ಒಂದರ ಬಾಲ ಇನ್ನೊಂದು ಹಿಡಿದಂತೆ, ಮನೆಮನೆಯಲ್ಲೂ ಸದ್ದು ಎದ್ದಿತು. ಅತ್ತಿಗೆ ಫೋನನ್ನು ಎತ್ತಿ ಎಲ್ಲರಿಗೂ ಕೇಳುವಂತೆ ಹಿಡಿದಳು.

‘ಪ್ರಿಯ ಗ್ರಾಹಕರೇ, ನಿಮ್ಮ ಬೀದಿಯ ನೀರು ಸಂಪೂರ್ಣ ಶುದ್ಧವಾಗಿದೆ. ವದಂತಿಗಳಿಗೆ ಕಿವಿಗೊಡದಿರಿ. ನಿಶ್ಚಿಂತೆಯಿಂದ ಕುಡಿಯಿರಿ. ನಿಮ್ಮ ನಂಬಿಕೆಯೇ ನಮ್ಮ ಆಸ್ತಿ.’

ಅದೇ ದನಿ. ಕಿಟಕಿಗಳಿಂದ, ಬಾಗಿಲುಗಳಿಂದ, ಕೂದಲೆಳೆಯಷ್ಟು ಹಿಂದುಮುಂದಾಗಿ, ಒಂದೇ ಹೆಂಗಸು ಬೀದಿಯ ಪ್ರತಿ ಮನೆಯಲ್ಲೂ ನಿಂತು ಒಂದೇ ಮಾತನ್ನು ಹೇಳುತ್ತಿದ್ದಳು. ಎಲ್ಲಿಯೂ ಉಸಿರು ಇರಲಿಲ್ಲ. ದಡವಿಲ್ಲದ ನದಿಯಂತೆ ಅದು ಹರಿದು, ಹರಿದು, ಥಟ್ಟನೆ ನಿಂತಿತು. ಬೀದಿ ಮತ್ತೆ ಲೋಟದೊಳಗಿನ ನಿದ್ದೆಗೆ ಜಾರಿತು.

ಅತ್ತಿಗೆ ಫೋನು ಕೆಳಗಿಟ್ಟಳು.

“ನೋಡಿದ್ಯಾ? ಹೋದ ವಾರ ಬೇಡ ಅಂದೆ. ಈವತ್ತು ಕುಡಿ ಅಂತೀನಿ. ಯಾವ ನನ್ನನ್ನ ನಾನು ನಂಬಬೇಕು ಹೇಳು.” ಮೇಜಿನ ಮೇಲಿನ ಲೋಟವನ್ನು ಎತ್ತಿಕೊಂಡಳು. ಅದರೊಳಗಿನ ಬೀದಿ ಚೂರುಚೂರಾಯಿತು. “ನಾನೇ ಇಷ್ಟು ಬೇಡಿಕೊಳ್ತಿದ್ದೀನಿ, ಕುಡೀದಿದ್ರೆ ಚೆನ್ನಾಗಿರತ್ತಾ?”

ಲೋಟ ತುಟಿಯವರೆಗೆ ಹೋಯಿತು.

ಹುಡುಗಿ ಎದ್ದದ್ದು ಪತ್ತೇದಾರನಿಗೆ ಕಾಣಲೇ ಇಲ್ಲ. ಕಂಡದ್ದು ಅವಳ ಅಂಗೈ ಮಾತ್ರ. ಲೋಟದ ಬಾಯಿಗೂ ಅತ್ತಿಗೆಯ ತುಟಿಗೂ ನಡುವೆ, ಮುಚ್ಚಳದಂತೆ.

“ಬೇಡಮ್ಮ.”

ನೀರು ಅವಳ ಬೆರಳುಗಳಿಂದ ಇಳಿದು ಮೇಜಿನ ಮೇಲೆ ಹನಿಯಿತು.

ಪತ್ತೇದಾರ ಆ ಕೈಯನ್ನು ನೋಡಿದ. ಆಮೇಲೆ ಅವಳ ಚೀಲದಿಂದ ಇಣುಕುತ್ತಿದ್ದ ಬಾಟಲಿಯನ್ನು. ಆಮೇಲೆ ತಾನು ಬರಿದು ಮಾಡಿದ ಟೀ ಕಪ್ಪನ್ನು.

“ಗಂಟಲು ನೋವು ಅಂದೆ,” ಎಂದ.

“ಮೇಲುಪೇಟೆಯಲ್ಲಿ ಚಿಕ್ಕಮ್ಮನ ಮನೆ ಇದೆ ಸರ್. ದಿನಾ ಅಲ್ಲಿಂದ ತುಂಬಿಸ್ಕೊಂಡು ಬರ್ತೀನಿ.”

“ಕೂತ್ಕೋ. ಎಲ್ಲ ಹೇಳು.”

ಅವಳು ಕೂರಲಿಲ್ಲ. ಲೋಟವನ್ನು ಅತ್ತಿಗೆಯ ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟು, ಒದ್ದೆ ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ನಿಂತಳು.

“ಕೆಳಪೇಟೆಗೆ ಹಾಕಿದ ಹೊಸ ಕೊಳವೆಗಳ ಬೆಸುಗೆಯಿಂದ ನೀರಿಗೆ ಸೀಸ ಬಿಡ್ತಿದೆ. ಕುದಿಸಿದ್ರೂ ಹೋಗಲ್ಲ. ಒಂದು ದಿನಕ್ಕೆ ಕಾಣೋ ವಿಷ ಅಲ್ಲಮ್ಮ ಇದು. ಮಕ್ಕಳಲ್ಲಿ ಎಷ್ಟೋ ವರ್ಷ ಆದ ಮೇಲೆ ಕಾಣತ್ತಂತೆ.”

“ನಿನಗೆ ಹೇಗೆ ಗೊತ್ತು?”

“ಯಂತ್ರ ಹೇಳ್ತು.”

ಅತ್ತಿಗೆ ಕುರ್ಚಿಯನ್ನು ತಡವಿ ಹಿಡಿದು ಕುಳಿತಳು.

“ಆವತ್ತು ಬೆಳಿಗ್ಗೆ ನೀರು ಪರೀಕ್ಷಿಸೋ ಅಳತೆ ಕೇಂದ್ರದಿಂದ ಅಂಕಿ ಬಂದ ತಕ್ಷಣ ಯಂತ್ರ ತಾನೇ ಆ ವಾಕ್ಯ ಬರೆದು ನನ್ನ ಪರದೆಗೆ ಕಳಿಸ್ತು. ‘ಇಂದು ನಲ್ಲಿಯ ನೀರನ್ನು ಕುಡಿಯಬೇಡಿ.’ ನಾನು ಓದಿದೆ ಸರ್. ಎಷ್ಟೋ ತಿಂಗಳಾದ ಮೇಲೆ ಮೊದಲನೇ ಸಲ, ನಿಂತು ಓದಿದೆ. ಗುಂಡಿ ಮೇಲೆ ಬೆರಳಿತ್ತು. ನಿರ್ದೇಶಕರನ್ನ ಒಂದು ಮಾತು ಕೇಳೋಣ ಅಂತ ಹೋದೆ. ‘ಇನ್ನೊಂದು ಪರೀಕ್ಷೆ ಆಗಲಿ, ಅಲ್ಲಿವರೆಗೆ ತಡೆದಿಡು’ ಅಂದ್ರು. ತಡೆದಿಟ್ಟೆ.” ಅವಳು ತನ್ನ ಒದ್ದೆ ಬೆರಳುಗಳನ್ನು ನೋಡಿಕೊಂಡಳು. “ದಿನಾ ಅಷ್ಟೊಂದು ಸುಳ್ಳು ಸಮಾಧಾನಕ್ಕೆ ಹೂಂ ಅಂದೋಳು, ಬಂದ ಒಂದು ನಿಜಕ್ಕೆ ಉಹುಂ ಅಂದೆ.”

“ಅದಕ್ಕೇ ಒತ್ತಲೇ ಇಲ್ಲ, ಒತ್ತಲೇ ಇಲ್ಲ ಅಂತಿದ್ದೆ,” ಎಂದ ಪತ್ತೇದಾರ.

“ನಿಜಾನೇ ಹೇಳ್ತಿದ್ದೆ ಸರ್. ಅದೇ ನನ್ನ ತಪ್ಪು ಅಂತ ಮಾತ್ರ ಹೇಳಲಿಲ್ಲ.”

“ಪರದೆಯಲ್ಲಿ ಆ ವಾಕ್ಯ ಈಗಲೂ ಇದೆಯಾ?”

“ಮಾರನೇ ದಿನ ನೋಡಿದ್ರೆ ಇರಲಿಲ್ಲ. ಯಂತ್ರ ಹುಚ್ಚುಹುಚ್ಚಾಗಿ ಕನಸು ಕಾಣ್ತು ಅಂತ ಪತ್ರಿಕೆಯವರಿಗೆ ಹೇಳಿ ಆಗಿತ್ತು. ಯಂತ್ರಕ್ಕೆ ಮೇಲ್ಮನವಿ ಹಾಕೋಕೆ ಬರಲ್ವಲ್ಲ.”

ಅತ್ತಿಗೆ ಕೈ ಚಾಚಿ ಹುಡುಗಿಯ ಒದ್ದೆ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಬೈಯಲಿಲ್ಲ.

“ಅದಕ್ಕೇ ನನಗೆ ಫೋನ್ ಮಾಡಿದ್ಯಾ ಮಗು? ನೀನು ಹೇಳೋಕಾಗದ್ದನ್ನ ನನ್ನ ದನಿಯಲ್ಲೇ ನನಗೆ ಹೇಳಿಸಿದ್ಯಾ? ಒಳ್ಳೇ ಕೆಲಸ ಮಾಡಿದೆ. ನಾಳೆ ನಾನೂ ಬರ್ತೀನಿ. ಇಬ್ಬರೂ ಜೊತೆಗೆ ನಿಂತು ಹೇಳೋಣ. ಈ ಪತ್ತೇದಾರಪ್ಪ ನಮ್ಮ ಚೀಲ ಹಿಡ್ಕೊಂಡು ನಿಂತಿರಲಿ.”

ಹುಡುಗಿಯ ಮುಖದಲ್ಲಿ ನಗುವಿನಂಥದೇನೋ ಹುಟ್ಟಿತು. ಪೂರ್ತಿಯಾಗುವ ಮೊದಲೇ ಆರಿತು.

“ಇಲ್ಲಮ್ಮ,” ಎಂದಳು. “ನಿಮಗೆ ಫೋನ್ ಮಾಡಿದ್ದು ನಾನಲ್ಲ.”

“ಮತ್ತೆ?”

“ನನಗೆ ಅಷ್ಟು ಧೈರ್ಯ ಇದ್ದಿದ್ರೆ ಗುಂಡೀನೇ ಒತ್ತುತ್ತಿದ್ದೆ.”

ಪತ್ತೇದಾರ ಎದ್ದು ಕಿಟಕಿಯ ಬಳಿ ಹೋದ. ಗುಟ್ಟಿನ ಪದ ಗೊತ್ತಿದ್ದವರು ಇಬ್ಬರು. ಒಬ್ಬಳು ಇಲ್ಲಿ ನಿಂತು, ನಾನಲ್ಲ ಎನ್ನುತ್ತಿದ್ದಾಳೆ. ಆ ಮಾತನ್ನು ನಂಬದಿರಲು ಅವನಿಗೆ ಆಗುತ್ತಿಲ್ಲ. ಇನ್ನೊಬ್ಬರು ಈ ಎಚ್ಚರಿಕೆಯನ್ನು ತಡೆದಿಡು ಎಂದವರು, ಪತ್ರಿಕೆಗಳ ಮುಂದೆ ಲೋಟ ಎತ್ತಿ ನೀರು ಕುಡಿದು ತೋರಿಸಿದವರು. ಹಗಲಿನಲ್ಲಿ ಬಾಯಿ ಮುಚ್ಚಿಸಿದ ಮನುಷ್ಯ, ಯಾರೂ ಕಾಣದಂತೆ, ಊರಿನಲ್ಲಿ ಬಾಯಿ ಮುಚ್ಚಲು ಬಾರದ ಒಬ್ಬಳೇ ಹೆಂಗಸಿಗೆ ಸುದ್ದಿ ಮುಟ್ಟಿಸಿದನೆ? ಹಾಗಿದ್ದರೆ ಈ ಹುಡುಗಿಯನ್ನು ಬಲಿಗೆ ನಿಲ್ಲಿಸಿರುವುದೇಕೆ?

ಅಥವಾ...

ಆ ಇನ್ನೊಂದು ಯೋಚನೆಯನ್ನು ಅವನು ಪೂರ್ತಿ ಯೋಚಿಸಲಿಲ್ಲ. ಹೂಂ ಎನ್ನುವವರು ಯಾರೂ ಸಿಗದೆ, ತನ್ನ ಮಾತು ತಡೆದು ನಿಂತಾಗ, ಉಸಿರಿಲ್ಲದ ಆ ಹರೆಯದವಳು ಉಸಿರಿರುವ ತನ್ನನ್ನೇ ಹುಡುಕಿಕೊಂಡು ಬಂದಂತೆ. ಕನಸಿಗೆ ಸೇರಬೇಕಾದ ಮಾತು ಅದು; ವಿಚಾರಣೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಹುಡುಗಿಯ ಚೀಲದೊಳಗೆ ಫೋನು ನಡುಗಿತು.

ಅವಳು ಹೊರತೆಗೆದಳು. ಪರದೆಯ ಮೇಲಿನ ಹೆಸರು ಪತ್ತೇದಾರನಿಗೂ ಕಂಡಿತು: ನಿರ್ದೇಶಕರು.

“ಎತ್ತಬೇಡ,” ಎಂದ ಅವನು.

ಅವಳು ಎತ್ತಿದಳು. ಆ ಕಡೆಯ ಮಾತು ಕೇಳುತ್ತಿರಲಿಲ್ಲ. ಅದರ ಮೃದುವಾದ ಗುನುಗು ಮಾತ್ರ, ಕೊಳವೆಯಲ್ಲಿ ದೂರದಿಂದ ಬರುವ ನೀರಿನ ಹಾಗೆ. ಹುಡುಗಿ ನೆಲ ನೋಡುತ್ತಿದ್ದಳು. ಒಮ್ಮೆ ತಲೆಯೆತ್ತಿ ಅತ್ತಿಗೆಯನ್ನು ನೋಡಿದಳು, ಬಹಳ ಹೊತ್ತು, ಲೆಕ್ಕ ಮಾಡುವವಳಂತೆ ಅಲ್ಲ, ಬೀಳ್ಕೊಡುವವಳಂತೆ.

“ಹೂಂ,” ಎಂದಳು.

ಗುನುಗು ಮುಂದುವರಿಯಿತು.

“ಹೂಂ.”

“ಏನು ಹೇಳ್ತಿದ್ದಾರೆ? ನನಗೆ ಕೊಡು,” ಎಂದು ಪತ್ತೇದಾರ ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಹೂಂ ಸರ್. ಈಗಲೇ ಬರ್ತೀನಿ.”

ಫೋನು ಚೀಲಕ್ಕೆ ಹೋಯಿತು. ಚೀಲದಿಂದ ಸ್ಟೀಲಿನ ಬಾಟಲಿ ಹೊರಬಂತು. ಅದನ್ನು ಅತ್ತಿಗೆಯ ಮುಂದೆ, ಲೋಟದ ಪಕ್ಕದಲ್ಲಿಟ್ಟಳು.

“ಇದು ಒಳ್ಳೇ ನೀರಮ್ಮ. ಇದನ್ನ ಕುಡೀರಿ.”

“ಎಲ್ಲಿಗೆ ಹೊರಟೆ? ಏನಕ್ಕೆ ಹೂಂ ಅಂದೆ ನೀನು? ಮಗೂ!” ಅತ್ತಿಗೆ ಏಳಲು ನೋಡಿದಳು, ಮೊಣಕಾಲು ಕೇಳಲಿಲ್ಲ.

“ನಾಳೆ ನೀವು ಬರಬೇಡಿ. ನೀವು ಮಾತಾಡಿದ್ದು ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”

ಪತ್ತೇದಾರ ಅವಳ ದಾರಿಗೆ ಅಡ್ಡ ನಿಂತ. “ನನ್ನನ್ನ ಕೆಲಸಕ್ಕೆ ಇಟ್ಟವಳು ನೀನು. ನನಗಾದ್ರೂ ಹೇಳಿ ಹೋಗು. ನಿನಗೆ ಏನು ಹೇಳಿದ್ರು?”

ಅವಳು ಅವನನ್ನು ಬಳಸಿಕೊಂಡು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟು ತಿರುಗಿದಳು. ಹೊರಗಿನ ಬೆಳಕು ಅವಳ ಬೆನ್ನ ಹಿಂದೆ ಇದ್ದುದರಿಂದ ಮುಖ ಕಾಣಲಿಲ್ಲ.

ಅವಳು ಉಸಿರು ಎಳೆದುಕೊಂಡಳು.

ಮೆಲ್ಲಗೆ. ಆಳವಾಗಿ. ಬಾವಿಗೆ ಕೊಡ ಇಳಿಬಿಟ್ಟಂತೆ.

ಅತ್ತಿಗೆಯ ಕೈ ಮೇಜಿನ ಅಂಚನ್ನು ಹಿಡಿಯಿತು. ಪತ್ತೇದಾರ ಗೋಡೆಗೆ ಒರಗಿದ. ಇಬ್ಬರೂ ಆ ಉಸಿರಿನ ಹಿಂದೆ ಬರಬೇಕಾದ ಮಾತಿಗಾಗಿ ಕಾದರು.

ಮಾತು ಬರಲಿಲ್ಲ. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.